ನಿಂತು ನಿಂತು ಓಡುವ ವಾಚು

ಬೆಳಗ್ಗೆ ಎದ್ದವನೇ ವಾಚಿಗೆ ಕೀ ಕೊಡುತ್ತೇನೆ. ಕಿರಕಿರ ಸದ್ದು ಮಾಡುತ್ತಾ ಅದು ಒಂದೂವರೆ ದಿನದ ಊಟವನ್ನು ಒಂದೇ ಸಲಕ್ಕೆ ಉಂಡುಬಿಡುತ್ತದೆ. ಹೊಟ್ಟೆ ತುಂಬಿದ್ದು ಬೆರಳಿಗೇ ಗೊತ್ತಾಗುತ್ತದೆ.

ಚಿಕ್ಕವನಿದ್ದಾಗ ಕೆಟ್ಟ ವಾಚೊಂದನ್ನು ಬಿಚ್ಚಿ ಕುಳಿತಿದ್ದೆ. ಒಳಗಿನ ಪುಟ್ಟ ಡಬ್ಬಿಯ ಮುಚ್ಚಳ ಎಬ್ಬಿಸಿದ್ದೇ ತಡ, ಸುರುಳಿ ಸುತ್ತಿದ್ದ ಉಕ್ಕಿನ ಪಟ್ಟಿ ಛಂಗನೆ ಹೊರಗೆ ಹಾರಿತು. ಅದನ್ನು ಮತ್ತೆ ಒಳಗೆ ತುಂಬಿಸಲು ನನ್ನಿಂದಾಗಲಿಲ್ಲ. ವಾಚನ್ನು ಓಡಿಸುವುದು ಕಷ್ಟವೇನಲ್ಲ ಎಂದು ಅರ್ಥವಾದದ್ದು ಎಷ್ಟೋ ವರ್ಷಗಳ ಮೇಲೆ. ಸ್ಪ್ರಿಂಗಿಗೆ ಓಡುವ ಆತುರ ಇದ್ದೇ ಇದೆ. ಸುಮ್ಮನೆ ಬಿಟ್ಟರೆ ಚಕ್ರಗಳನ್ನೆಲ್ಲ ಗಿರ್ರನೆ ತಿರುಗಿಸಿ ಕ್ಷಣದಲ್ಲಿ ಬರಿದಾಗುತ್ತದೆ. ಜಾಣ್ಮೆಯೆಲ್ಲ ಇರುವುದು ಅದನ್ನು ತಡೆಯುವುದರಲ್ಲಿ.

ತಡೆಯುವುದು ಕವೆಯಂಥ ಸಣ್ಣದೊಂದು ಲಿವರ್. ಅದರ ಎರಡು ತುದಿಗಳಲ್ಲಿ ಮಾಣಿಕ್ಯದ ಚೂರುಗಳು, ಶೋಕಿಗಲ್ಲ, ಸವೆಯಬಾರದೆಂದು. ಒಂದು ತುದಿ ಚಕ್ರದ ಹಲ್ಲನ್ನು ಬಿಡುತ್ತದೆ, ಇನ್ನೊಂದು ತಕ್ಷಣ ಮತ್ತೊಂದು ಹಲ್ಲನ್ನು ಹಿಡಿಯುತ್ತದೆ. ಯಾವಾಗ ಬಿಡಬೇಕೆಂದು ಹೇಳುವುದು ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ. ಬಾಗಿಲು ತೆರೆಸಿದ್ದಕ್ಕೆ ಅದಕ್ಕೂ ಕೂಲಿ ಸಿಗುತ್ತದೆ: ದಾಟಿಹೋಗುವ ಹಲ್ಲು ಲಿವರಿನ ಮೂಲಕ ಅದನ್ನೊಮ್ಮೆ ತಳ್ಳಿಯೇ ಹೋಗುತ್ತದೆ. ಆ ತಳ್ಳುವಿಕೆ ಇಲ್ಲದಿದ್ದರೆ ತೂಗಾಟವೇ ನಿಂತೀತು. ಕಾಲ ಸರಿಯುವ ಸದ್ದೆಂದು ನಾವು ಕಿವಿಗಿಟ್ಟು ಕೇಳುವ ಟಿಕ್ ಟಿಕ್ ಅಸಲಿಗೆ ಈ ಹಿಡಿದು ಬಿಡುವ ಆಟದ ಸದ್ದು. ನನ್ನ ವಾಚು ಸೆಕೆಂಡಿಗೆ ಎಂಟು ಸಲ ಹೀಗೆ ನಿಲ್ಲುತ್ತದೆ. ದಿನಕ್ಕೆ 6,91,200 ಸಲ. ಇಷ್ಟು ಸಲ ನಿಂತೂ ಮುಂದೆ ಹೋಗುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ತೂಗಾಟವನ್ನು ಹದದಲ್ಲಿಡುವುದು ಕೂದಲೆಳೆಯಂಥ ಇನ್ನೊಂದು ಸುರುಳಿ. 1675ರಲ್ಲಿ ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್ ಇದನ್ನು ಪ್ರಕಟಿಸಿದಾಗ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ‘ಅದು ನನ್ನದು’ ಎಂದು ಜಗಳಕ್ಕೆ ನಿಂತ. ಬಿಸಿಲಿಗೆ ಈ ಎಳೆ ಸಡಿಲವಾಗಿ ವಾಚು ಹಿಂದೆ ಬೀಳುತ್ತಿತ್ತು. ಶಾಖಕ್ಕೆ ಜಗ್ಗದ ನಿಕಲ್-ಉಕ್ಕಿನ ಮಿಶ್ರಲೋಹಗಳನ್ನು ಕಂಡುಹಿಡಿದ ಷಾರ್ಲ್ ಎದ್ವಾರ್ ಗಿಯೋಮ್‌ಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆತ ವಾಚು ಮಾಡುವವರ ಮನೆಯ ಮಗ ಎಂದು ತಿಳಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಬ್ಯಾಟರಿ ವಾಚಿನೊಳಗೆ ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಜ್ ಹರಳಿನ ಮುಂದೆ ಇದೆಲ್ಲ ಯಾವ ಲೆಕ್ಕ ಎನ್ನಬಹುದು. ನಿಜ. ಅಗ್ಗದ ಕ್ವಾರ್ಟ್ಜ್ ವಾಚೂ ನನ್ನದಕ್ಕಿಂತ ಸರಿಯಾದ ಹೊತ್ತು ತೋರಿಸುತ್ತದೆ. ಆದರೆ ಅದಕ್ಕೆ ಮಲಗುವ ಭಂಗಿಯ ಗೊಡವೆಯಿಲ್ಲ. ನನ್ನದಕ್ಕಿದೆ. ಅಂಗಾತ ಮಲಗಿಸಿದರೆ ಬ್ಯಾಲೆನ್ಸಿನ ಅಚ್ಚು ಮೊನೆಯ ಮೇಲೆ ನಿಂತು ಹಗುರಾಗಿ ತಿರುಗುತ್ತದೆ. ಮಗ್ಗುಲಾಗಿಸಿದರೆ ಅಚ್ಚಿನ ಪಕ್ಕ ಉಜ್ಜಿ ತೂಗಾಟ ಕುಗ್ಗುತ್ತದೆ. ಹಗಲೆಲ್ಲ ಕೈಮೇಲಿದ್ದು ಹತ್ತು ಸೆಕೆಂಡು ಮುಂದೆ ಓಡಿರುತ್ತದೆ. ಹಾಗಾಗಿ ಈಚೆಗೆ ರಾತ್ರಿ ಮಗ್ಗುಲಾಗಿಯೇ ಇಡುತ್ತೇನೆ. ಬೆಳಗಾಗುವಷ್ಟರಲ್ಲಿ ಆರನ್ನು ಹಿಂದಿರುಗಿಸಿರುತ್ತದೆ. ಉಳಿದ ನಾಲ್ಕನ್ನು ನಾನು ಕೇಳಲು ಹೋಗಿಲ್ಲ.