ಮಂಡಿನೋವಿಗೆ ಅರಿಶಿನದ ಗುಳಿಗೆ: ಬೇಕೇ, ಬೇಡವೇ?

ಪರ

ಔಷಧವಿಜ್ಞಾನ ಕಲಿಸುವ ನನಗೆ ವಿರೋಧವಾಗಿ ಬರೆಯುವುದೇ ಸುಲಭವಿತ್ತು. ಆ ಪಾಲು ಆಗಲೇ ಹಂಚಿಹೋಗಿದೆ ಎಂದು ಸಂಪಾದಕರು ಹೇಳಿದ್ದರಿಂದ ಈ ಕಡೆ ಕುಳಿತಿದ್ದೇನೆ. ಕುಳಿತು ನೋಡಿದರೆ, ಹೇಳುವುದಕ್ಕೆ ಏನೂ ಇಲ್ಲ ಎನ್ನುವಂತೇನಿಲ್ಲ.

ಮಂಡಿ ಸವೆದಾಗ ಅಲ್ಲಿನ ಜೀವಕೋಶಗಳಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಎಚ್ಚೆತ್ತು ಕಾಕ್ಸ್-2 ಕಿಣ್ವವನ್ನು ತಯಾರು ಮಾಡಿಸುತ್ತದೆ. ಆ ಕಿಣ್ವದಿಂದ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟುತ್ತದೆ. ರಕ್ತನಾಳ ಹಿಗ್ಗಿ, ನೀರು ಸೋರಿ, ಮಂಡಿ ಊದಿಕೊಂಡು ಬಿಸಿಯಾಗಿ ನೋಯುತ್ತದೆ. ಇದೇ ಉರಿಯೂತ. ನೋವಿನ ಮಾತ್ರೆ ಐಬುಪ್ರೊಫೆನ್ ತಡೆಯುವುದು ಕಾಕ್ಸ್ ಕಿಣ್ವವನ್ನು. ಅರಿಶಿನದ ಹಳದಿ ಸತ್ವವಾದ ಕರ್ಕ್ಯುಮಿನ್, ಪ್ರಯೋಗಾಲಯದ ಕೋಶಗಳಲ್ಲಾದರೂ, ಅದಕ್ಕಿಂತ ಮೇಲಿನ ಎನ್‌ಎಫ್-ಕಪ್ಪಾ-ಬಿಯನ್ನೇ ಅದುಮುತ್ತದೆ.

ಗಿಡದ ಮದ್ದು ಎಂದು ಮೂಗು ಮುರಿಯುವವರು ಆಸ್ಪಿರಿನ್‌ನ ಜಾತಕ ನೋಡಲಿ. ಅದರ ಮೂಲವಾದ ವಿಲೋ ಮರದ ತೊಗಟೆಯ ಪುಡಿ ಜ್ವರ ಇಳಿಸುತ್ತದೆಂದು ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ ಬರೆದದ್ದು 1763ರಲ್ಲಿ. ಆಸ್ಪಿರಿನ್ ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆಂದು ಬ್ರಿಟನ್ನಿನ ವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ನಡುವಿನ ಇನ್ನೂರು ವರ್ಷ ಜನ ಕಾರಣ ತಿಳಿಯದೆಯೇ ನೋವು ಕಳೆದುಕೊಂಡರು.

ಇನ್ನು ರೋಗಿಗಳ ಮೇಲಿನ ಪರೀಕ್ಷೆ. ಥಾಯ್ಲೆಂಡಿನಲ್ಲಿ ಮಂಡಿ ಸವೆದ 367 ಜನರಲ್ಲಿ ಕೆಲವರಿಗೆ ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸಾರ, ಉಳಿದವರಿಗೆ 1200 ಮಿಲಿಗ್ರಾಂ ಐಬುಪ್ರೊಫೆನ್ ಕೊಟ್ಟರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನೋವು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸಮ ಇಳಿದಿತ್ತು. ಹೊಟ್ಟೆಯ ತಕರಾರು ಅರಿಶಿನದವರಲ್ಲಿ ಕಡಿಮೆ ಇತ್ತು. ಪರೀಕ್ಷೆ ನಡೆದದ್ದು ನಾಲ್ಕೇ ವಾರ ಎಂಬುದನ್ನೂ ನಾನೇ ಹೇಳಿಬಿಡುತ್ತೇನೆ.

ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಇಳಿಯುವುದೇ ಇಲ್ಲ ಎಂಬ ಹಳೆಯ ಆಕ್ಷೇಪಕ್ಕೆ ಉತ್ತರ ಬೆಂಗಳೂರಿನಲ್ಲೇ ಸಿಕ್ಕಿತು. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಸತ್ವವಾದ ಪೈಪರೀನನ್ನು 20 ಮಿಲಿಗ್ರಾಂ ಸೇರಿಸಿ ಕೊಟ್ಟಾಗ, ರಕ್ತಕ್ಕೆ ಸೇರುವ ಪ್ರಮಾಣ ಶೇ 2000ರಷ್ಟು ಏರಿತು.

ಯಕೃತ್ತಿಗೆ ಹಾನಿ ಎನ್ನುತ್ತಾರೆ. ಪ್ಯಾರಾಸಿಟಮಾಲ್ ಯಕೃತ್ತಿನ ತಂಟೆಗೇ ಹೋಗುವುದಿಲ್ಲವೇ? ಅದನ್ನು ಬಿಡಿಸಿ ಹೇಳಲು ನನಗೆ ಕೊಟ್ಟ ಜಾಗ ಸಾಲದು.

ವಿರೋಧ

ನನ್ನದು ಔಷಧಿ ಅಂಗಡಿ. ಅರಿಶಿನದ ಗುಳಿಗೆಯನ್ನು ನಾನೂ ಮಾರಿದ್ದೇನೆ, ಕಳೆದ ವರ್ಷದವರೆಗೆ.

ಅಮ್ಮ ಮಂಡಿಗೆ ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟಿಕೊಳ್ಳುತ್ತಿದ್ದಳು. ನೋವು ಪೂರ್ತಿ ಹೋಗುತ್ತಿರಲಿಲ್ಲ, ರಾತ್ರಿ ನಿದ್ದೆಯಂತೂ ಬರುತ್ತಿತ್ತು. ವಾರವಾರ ಸೊಪ್ಪು ತರುವ ರಗಳೆ ಬೇಡವೆಂದು ನಾನೇ ಕಪಾಟಿನಿಂದ ಒಂದು ಡಬ್ಬಿ ತೆಗೆದು ಕೊಟ್ಟೆ. ಮೂರನೆಯ ತಿಂಗಳಿಗೆ ಊಟ ಸೇರದಾಯಿತು, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು, ಕಣ್ಣು ಹಳದಿಯಾಯಿತು. ನಮ್ಮ ಕಡೆ ಈ ಕಾಯಿಲೆಗೆ ಅರಿಶಿನ ಕಾಮಾಲೆ ಎಂದೇ ಹೆಸರು. ಆ ಹೆಸರಿಗೆ ಹೀಗೂ ಒಂದು ಅರ್ಥವಿರಬಹುದೆಂದು ನನಗೆ ಹೊಳೆದಿರಲಿಲ್ಲ.

ವೈರಾಣುವಿನ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. “ಏನೇನು ಮಾತ್ರೆ ತೆಗೆದುಕೊಳ್ಳುತ್ತೀರಿ, ಅಮ್ಮ?” ಎಂದು ವೈದ್ಯರು ಕೇಳಿದಾಗ ಅವಳು, “ಬಿ.ಪಿ.ಯದು ಒಂದೇ” ಎಂದಳು. ಸುಳ್ಳು ಹೇಳಲಿಲ್ಲ. ಅರಿಶಿನ ಅವಳ ಲೆಕ್ಕದಲ್ಲಿ ಮಾತ್ರೆಯೇ ಅಲ್ಲ. ಪಕ್ಕದಲ್ಲಿ ನಿಂತಿದ್ದ ನನಗೂ, ಗುಳಿಗೆ ಮಾರಿಯೇ ಬದುಕುವ ನನಗೂ, ಆ ಕ್ಷಣಕ್ಕೆ ನೆನಪಾಗಲಿಲ್ಲ. ಎರಡನೆಯ ಸಲ ಕೇಳಿದಾಗ ಹೇಳಿದೆ. ಡಬ್ಬಿ ನಿಲ್ಲಿಸಿ ಏಳು ವಾರವಾದ ಮೇಲೆ ಕಣ್ಣು ಬೆಳ್ಳಗಾಯಿತು.

ಅಜ್ಜಿಯ ಕಾಲದಿಂದ ತಿನ್ನುತ್ತಿದ್ದೇವೆ ಎನ್ನುವವರು ಒಂದು ಲೆಕ್ಕ ಹಾಕಲಿ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರು ಪಾಲಿನ ಆಸುಪಾಸು. ಶೇ 95ರ ಸಾರ ತುಂಬಿದ 500 ಮಿಲಿಗ್ರಾಂನ ಒಂದು ಗುಳಿಗೆಯಲ್ಲಿ ಹದಿನೈದು ಗ್ರಾಂ ಅರಿಶಿನದ ಸತ್ವವಿದೆ. ಯಾವ ಅಜ್ಜಿ ಒಬ್ಬರ ತಟ್ಟೆಯ ತೊವ್ವೆಗೆ ಹದಿನೈದು ಗ್ರಾಂ ಅರಿಶಿನ ಸುರಿದಿದ್ದಳು? ಗುಳಿಗೆಯಲ್ಲಿರುವುದು ಅಡುಗೆಮನೆಯ ಅರಿಶಿನವಲ್ಲ. ಅದು ಔಷಧ, ಮಾರುವುದು ಮಾತ್ರ ಸಾಂಬಾರ ಪದಾರ್ಥದ ಹೆಸರಿನಲ್ಲಿ.

ಅದರ ಮೇಲೆ ಕರಿಮೆಣಸಿನ ಸತ್ವ ಬೇರೆ. ಒಳಗೆ ಬಂದದ್ದನ್ನು ಕಟ್ಟಿ ಹೊರಗೆ ಸಾಗಿಸುವ ಕಿಣ್ವಗಳು ಕರುಳಿನಲ್ಲಿ, ಯಕೃತ್ತಿನಲ್ಲಿ ಕಾವಲಿವೆ. ಪೈಪರೀನ್ ಅವುಗಳನ್ನೇ ತಡೆಯುತ್ತದೆ. ಹೆಚ್ಚು ಹೀರಿಕೊಳ್ಳುತ್ತದೆ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿರುವುದು, ಕಾವಲುಗಾರನ ಕಣ್ಣಿಗೆ ಖಾರ ಎರಚಿ ಒಳನುಗ್ಗುವ ಈ ಉಪಾಯಕ್ಕೆ. ಅರಿಶಿನದಿಂದ ಯಕೃತ್ತು ಕೆಟ್ಟ ಹತ್ತು ಜನರ ವಿವರವನ್ನು ಅಮೆರಿಕದ ವೈದ್ಯರು 2022ರಲ್ಲಿ ಪ್ರಕಟಿಸಿದರು. ಅವರಲ್ಲಿ ಒಬ್ಬರು ತೀರಿಕೊಂಡಿದ್ದರು. ಇಟಲಿಯಲ್ಲಿ 2019ರಲ್ಲೇ ಇಂಥ ಪ್ರಕರಣಗಳು ಬಂದಿದ್ದವು.

ಪರವಾಗಿ ಬರೆಯುವವರು ಥಾಯ್ಲೆಂಡಿಗೆ ಹೋಗಿಬರುತ್ತಾರೆಂದು ಗೊತ್ತು. ನಾಲ್ಕು ವಾರ ಅಮ್ಮನೂ ಚೆನ್ನಾಗಿಯೇ ಇದ್ದಳು.

ಈಗ ಅವಳು ಮತ್ತೆ ಲಕ್ಕಿ ಸೊಪ್ಪು ಕಟ್ಟುತ್ತಾಳೆ. ಭಾನುವಾರ ಬೆಳಿಗ್ಗೆ ಕೆರೆ ಏರಿಯಿಂದ ಸೊಪ್ಪು ಮುರಿದು ತರುವುದು ನನ್ನ ಕೆಲಸ. ಅಂಗಡಿಗೆ ದಿನಕ್ಕೆ ಇಬ್ಬರಾದರೂ ಆ ಡಬ್ಬಿ ಕೇಳಿಕೊಂಡು ಬರುತ್ತಾರೆ. ಇಲ್ಲ ಎಂದರೆ ಎದುರು ಅಂಗಡಿಗೆ ಹೋಗುತ್ತಾರೆ.