ಸಬ್ಸಿಡಿ ತಿನ್ನೋರು ಯಾರು ಸ್ವಾಮಿ?

"ರೈತರಿಗೇನ್ರೀ, ಎಲ್ಲಾ ಪುಕ್ಕಟೆ. ಟ್ಯಾಕ್ಸ್ ಇಲ್ಲ, ಗೊಬ್ಬರಕ್ಕೆ ಸಬ್ಸಿಡಿ, ಮೇಲೆ ಖಾತೆಗೆ ದುಡ್ಡು." ಪುಣೆಯ ನಮ್ಮ ಸೊಸೈಟಿಯಲ್ಲಿ ಈ ಮಾತು ಕೇಳಿ ಕೇಳಿ ತಲೆ ಕೆಟ್ಟಿದೆ. ಹೇಳೋರಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ಅವರ ಅಪ್ಪನೇ ಹೊಲ ಮಾಡಿ ಓದಿಸಿದ್ದು. ಇರಲಿ ಬಿಡಿ.

ನನ್ನ ತಮ್ಮ ಕಲಬುರಗಿ ಕಡೆ ತೊಗರಿ ಬೆಳೆಯುತ್ತಾನೆ. 2025-26ಕ್ಕೆ ಕೇಂದ್ರ ಸರ್ಕಾರ ಹೇಳಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ರಾಶಿ ಮಾಡಿ ಅಡತಿಗೆ ಒಯ್ದರೆ ಏಳು ಸಾವಿರವೂ ಹುಟ್ಟಲಿಲ್ಲ. ಅದರಲ್ಲೇ ಹಮಾಲಿ, ಗಾಡಿ ಬಾಡಿಗೆ. ಬೆಂಬಲ ಬೆಲೆಗೆ ಕೊಳ್ಳೋ ಸರ್ಕಾರಿ ಖರೀದಿ ಕೇಂದ್ರಕ್ಕೆ ಯಾಕೆ ಹಾಕಲಿಲ್ಲ ಅಂತೀರಿ ಅಲ್ವಾ? ಅಲ್ಲಿ ನೋಂದಣಿ, ಹೆಬ್ಬೆಟ್ಟು, ಸರದಿ. ತೇವಾಂಶ ಶೇ 12 ದಾಟಿದರೆ ಚೀಲ ವಾಪಸ್. ಎಕರೆಗೆ ಇಷ್ಟೇ ಅಂತ ಮಿತಿ ಬೇರೆ. ಕೊಟ್ಟ ಮೇಲೂ ದುಡ್ಡಿಗೆ ಕಾಯಬೇಕು. ಸಾಲ ಕೊಟ್ಟವನು ಕಾಯ್ತಾನಾ?

ಈ ಬೆಲೆ ಸುಮ್ನೆ ಬಿದ್ದದ್ದಲ್ಲ, ಬೀಳಿಸಿದ್ದು. 2021ರ ಮೇ ತಿಂಗಳಲ್ಲಿ ತೊಗರಿ ಆಮದಿಗಿದ್ದ ಮಿತಿ ತೆಗೆದರು. 2023ರ ಮಾರ್ಚ್‌ನಲ್ಲಿ ಶೇ 10ರ ಸುಂಕವನ್ನೂ ತೆಗೆದರು. ಕೆಲವು ತಿಂಗಳಿಗೆ ಅಂತ ಶುರುವಾದದ್ದನ್ನು ವರ್ಷ ವರ್ಷ ಎಳೆದು 2026ರ ಮಾರ್ಚ್‌ವರೆಗೆ ತಂದರು. ಮೊಜಾಂಬಿಕ್‌ನದು, ಮ್ಯಾನ್ಮಾರ್‌ನದು ಬಂದು ಬೀಳುತ್ತಲೇ ಇದೆ. ನಮ್ಮ ರಾಶಿ ಕಾಲದಲ್ಲೂ ಬಿಡುವಿಲ್ಲ.

ಬೆಲೆ ಏರಿದಾಗ ಮಾತ್ರ ಸರ್ಕಾರಕ್ಕೆ ಎಲ್ಲಿಲ್ಲದ ಚುರುಕು! 2023ರ ಜೂನ್‌ನಲ್ಲಿ ತಕ್ಷಣ ದಾಸ್ತಾನು ಮಿತಿ ಬಂತು. ಸಗಟಿನವರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. ಅದರ ಹಿಂದಿನ ಹಂಗಾಮಿನಲ್ಲಿ ನೆಟೆ ರೋಗ ಬಂದು ನಮ್ಮ ಕಡೆ ಗಿಡ ನಿಂತಲ್ಲೇ ಒಣಗಿದ್ದವು. ಬೆಲೆ ಇದ್ದಾಗ ಬೆಳೆ ಇಲ್ಲ. ಬೆಳೆ ಬಂದಾಗ ಬೆಲೆ ಇಲ್ಲ.

ಯೂರಿಯಾ ಸಬ್ಸಿಡಿ ಅಂತೀರಲ್ಲ, ತೊಗರಿಗೆ ಎಷ್ಟು ಯೂರಿಯಾ ಬೇಕು ಗೊತ್ತಾ? ಅದು ಬೇರಿನಲ್ಲೇ ಸಾರಜನಕ ಹಿಡಿಯುವ ಬೆಳೆ. ಆ ದುಡ್ಡು ಜಾಸ್ತಿ ಹೋಗೋದು ಕಬ್ಬು, ಭತ್ತ, ಗೋಧಿಗೆ. ಇನ್ನು ಪಿಎಂ ಕಿಸಾನ್. ವರ್ಷಕ್ಕೆ 6,000. 2019ರಲ್ಲೂ ಅಷ್ಟೇ, ಆಮೇಲೂ ಅಷ್ಟೇ. ಡೀಸೆಲ್, ಆಳಿನ ಕೂಲಿ ಹಾಗೇ ನಿಂತಿವೆಯಾ? ಕ್ವಿಂಟಲಿಗೆ ಸಾವಿರ ಕಡಿಮೆ ಅಂದರೆ ಮೂವತ್ತು ಕ್ವಿಂಟಲ್ ಮಾರಿದವನಿಗೆ ಮೂವತ್ತು ಸಾವಿರ ಹೋಯಿತು. ಆರು ಕೊಟ್ಟು ಮೂವತ್ತು ಕಿತ್ತುಕೊಂಡರೆ ಅದು ಸಬ್ಸಿಡಿಯೇ?

ಆ ಮೂವತ್ತರಲ್ಲಿ ಒಂದು ಪಾಲು ನಮ್ಮ ಪೇಟೆಯವರ ಸಾರಿನಲ್ಲಿದೆ. ನನ್ನ ಮನೆ ಸಾರಿನಲ್ಲೂ ಇದೆ. ಉಳಿದದ್ದು ನಡುವಿನವರಿಗೆ. ಕ್ವಿಂಟಲ್ ತೊಗರಿಗೆ ಎಪ್ಪತ್ತು ಕಿಲೋ ಆಸುಪಾಸು ಬೇಳೆ ಬರುತ್ತದೆ, ಹೊಟ್ಟು ನುಚ್ಚು ದನದ ಮೇವಿಗೆ ಬೇರೆ ಮಾರಾಟ. ನೀವೇ ಲೆಕ್ಕ ಹಾಕಿ, ಆಮೇಲೆ ಇಲ್ಲಿ ಕಿರಾಣಿ ಅಂಗಡಿಯವರು ಬೇಳೆ ಮಾರೋ ರೇಟು ನೋಡಿ.

ರಾಶಿಗೆ ಮೊದಲೇ ಖರೀದಿ ಕೇಂದ್ರ ತೆರೆಯಿರಿ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆಮದು ನಿಲ್ಲಿಸಿ. ಇಷ್ಟೇ ಕೇಳುತ್ತಿರೋದು. ಬೋರಿನಲ್ಲಿ ನೀರಿದ್ದವರು ಕಬ್ಬಿನ ಕಡೆ ನೋಡುತ್ತಿದ್ದಾರೆ, ಅದಕ್ಕಾದರೂ ಎಫ್‌ಆರ್‌ಪಿ ಅಂತ ಕಾರ್ಖಾನೆಯವರು ಕೊಡಲೇಬೇಕಾದ ಕಾನೂನಿನ ಬೆಲೆ ಇದೆ. ತಮ್ಮನೂ ಈ ಸಲ ಅರ್ಧ ಹೊಲಕ್ಕೆ ಕಬ್ಬು ಅಂತಿದ್ದಾನೆ. ಹಾಕಲಿ. ನಾಳೆ ಬೇಳೆ ಇನ್ನೂರು ದಾಟಿದಾಗ ನನ್ನ ಹತ್ತಿರ ಬಂದು ಅಳಬೇಡಿ.