ಸ್ಕ್ರಬ್ಸ್‌ನ ಆ ರೇಬೀಸ್ ಕಥೆ ಕಟ್ಟುಕಥೆಯಲ್ಲ

ಆಸ್ಪತ್ರೆಯ ಕಥೆ ಹೇಳುವ ಅಮೆರಿಕದ ಟಿವಿ ಸರಣಿ ಸ್ಕ್ರಬ್ಸ್‌ನ 'ಮೈ ಲಂಚ್' ಕಂತು ನೋಡಿ ಅತ್ತವರು ತುಂಬಾ ಜನ. ಅಂಗಾಂಗ ಕಸಿಯಿಂದ ರೇಬೀಸ್ ತಗುಲಿ ಮೂವರು ರೋಗಿಗಳು ಸಾಯುತ್ತಾರೆ, ಅವರಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಕಾಕ್ಸ್ ಕುಸಿದು ಹೋಗುತ್ತಾರೆ. 'ಹೀಗೆಲ್ಲ ಆಗಲ್ಲ, ಸುಮ್ನೆ ಅಳಿಸೋಕೆ ಬರೆದದ್ದು' ಎಂಬ ಮಾತು ಹರಿದಾಡುತ್ತಿದೆ. ಅದು ತಪ್ಪು.

ಈ ಕಂತು ಪ್ರಸಾರವಾದದ್ದು 2006ರಲ್ಲಿ. ಅದಕ್ಕೂ ಮೊದಲೇ, 2004ರಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ ಒಬ್ಬನೇ ದಾನಿಯಿಂದ ಯಕೃತ್ತು, ಎರಡು ಮೂತ್ರಪಿಂಡ ಮತ್ತು ರಕ್ತನಾಳದ ತುಂಡು ಪಡೆದ ನಾಲ್ವರು ರೇಬೀಸ್‌ನಿಂದ ತೀರಿಕೊಂಡರು. ದಾನಿಯನ್ನು ಬಾವಲಿ ಕಚ್ಚಿತ್ತು. ಅದು ವೈದ್ಯರಿಗೆ ತಿಳಿದದ್ದು ಆಮೇಲೆ.

ಹಾಗಂತ ಕಸಿಗೆ ಹೆದರಬೇಡಿ. ಇಂಥದ್ದು ತೀರಾ ಅಪರೂಪ. ದಾನಿಗಳಿಗೆ ರೇಬೀಸ್ ಪರೀಕ್ಷೆಯನ್ನು ವಾಡಿಕೆಯಂತೆ ಮಾಡುತ್ತಿರಲಿಲ್ಲ. ಅಂಗ ಕೆಡುವ ಮುನ್ನ ಜೋಡಿಸಬೇಕು, ಪರೀಕ್ಷೆಯ ಫಲಿತಾಂಶ ಬರೋವರೆಗೆ ಕಾಯೋಕಾಗಲ್ಲ ಅಲ್ವಾ? ಕಾಕ್ಸ್‌ರನ್ನು ಕುಸಿಯುವಂತೆ ಮಾಡಿದ್ದೂ ಇದೇ ಇಕ್ಕಟ್ಟು.